ಪಕ್ಕದ ಅಂಗಳದ ಕೋನ್‌ಫ್ಲವರ್

ನಾನು ಮಾಡಿದ್ದು ಕಳ್ಳತನವೇ. ದೇವರಿಗೆಂದು ಕೊಯ್ದರೆ ಪಾಪವಿಲ್ಲ ಎನ್ನುವುದು ನಮ್ಮ ಊರಿನವರು ಕಟ್ಟಿಕೊಂಡ ನೆಪ.

ಕೊಲ್ಲಿ ದೇಶದ ಸನದ್‌ನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕದ ಹೆಂಗಸು ಅಂಗಳದಲ್ಲಿ ತನ್ನ ಊರಿನ ಕೋನ್‌ಫ್ಲವರ್ ಬೆಳೆಸಿದ್ದಳು. ಮೊದಲ ಹೂವು, ನೇರಳೆ ಬಣ್ಣದ್ದು, ಅರಳಿತ್ತು. ಬೆಳಿಗ್ಗೆ ಗೋಡೆಯಾಚೆ ಕೈ ಚಾಚಿ ಕೊಯ್ದು ಕೃಷ್ಣನಿಗೆ ಇಟ್ಟೆ. ಸಂಜೆ ಆಕೆ ಬಾಗಿಲಿಗೆ ಬಂದಳು. ಅವಳ ಇಂಗ್ಲಿಷ್ ಮಾತು ಕೇಳಿಸಿಕೊಂಡ ನನ್ನ ಮೊಮ್ಮಗಳು ನನ್ನತ್ತ ತಿರುಗಿದಳು.

"ಅಜ್ಜಿ, ಆ ಬೀಜ ಅವರ ಅಮ್ಮ ಕಳಿಸಿದ್ದಂತೆ. ಅಮ್ಮ ಹಾಸಿಗೆ ಹಿಡಿದಿದ್ದಾರಂತೆ, ಇವತ್ತು ಅವರಿಗೆ ಹೂ ತೋರಿಸ್ಲಿಕ್ಕೆ ಉಂಟಂತೆ. ನೀವು ಕೊಯ್ದದ್ದಾ? ಒಂದು ಮಾತು ಕೇಳ್ಲಿಕ್ಕೆ ಏನಾಗಿತ್ತು?"

ನಾನು ದೇವರ ಕೋಣೆಯತ್ತ ಕೈ ತೋರಿಸಿದೆ. ಆಕೆ ಬೈಯಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದು, ಹೂವನ್ನು ಮುಟ್ಟದೆ, ದೂರದಿಂದಲೇ ಫೋನಿನಲ್ಲಿ ತಾಯಿಗೆ ತೋರಿಸಿದಳು. ಆ ಮುದುಕಿ ಮಲಗಿದಲ್ಲಿಂದಲೇ ನಕ್ಕು ನನಗೆ ಥ್ಯಾಂಕ್ಯೂ ಅಂದಳು. ನನಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಇನ್ನೊಂದು ಮೊಗ್ಗು ಬಿರಿಯುತ್ತಿತ್ತು. ನಾನು ಆ ಕಡೆ ಹೋಗಲಿಲ್ಲ. ನನ್ನದೇ ಕುಂಡದ ಎರಡು ತುಳಸಿ ಎಲೆ ಇಟ್ಟು ಪೂಜೆ ಮುಗಿಸಿದೆ.