ಪೂರ್ವದಿಂದ ಬಂದ ಗುಂಪು

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಎದುರಿಗೆ ನಿಂತವರಿಗೆ ಈತ ತಮಗೆ ಗುರಿ ಇಡುತ್ತಿದ್ದಾನೋ, ಕಣ್ಣು ಹೊಡೆಯುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮುಳಬಾಗಿಲಿನ ಬಂಡೆಯ ಮೇಲೆ ಕೂತು ಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿದ್ದರಂತೆ. ಅಂದಿನಿಂದ ಆ ಕಣ್ಣಿನ ನಡುವೆ ಒಂದು ಕಪ್ಪು ಚುಕ್ಕೆ ನಿಂತುಬಿಟ್ಟಿತಂತೆ. “ಅವನು ನನಗೊಂದು ಚುಕ್ಕೆ ಕೊಟ್ಟ ಸಾರ್, ನಾನು ಅವನ ಚುಕ್ಕೆ ಲೆಕ್ಕ ಹಾಕ್ತಾ ಇದೀನಿ” ಎಂದು ಸೂರ್ಯನ ಕಡೆ ಕೈ ತೋರಿಸಿ ನಗುತ್ತಿದ್ದರು. ನಾನು ನಂಬಿರಲಿಲ್ಲ.

ನಂಬದಿರುವುದು ನನ್ನ ಹುಟ್ಟುಗುಣ. ಆಗ ನಾನು ಮಾಲೂರಿನಲ್ಲಿ ಪೋಸ್ಟ್ ಮಾಸ್ತರನಾಗಿದ್ದೆ. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡದೆ ಚೀಲಕ್ಕೆ ಹಾಕಿದವನಲ್ಲ, ಕಾರ್ಡುಗಳನ್ನಂತೂ ಓದಿಯೇ ಮುದ್ರೆ ಒತ್ತುತ್ತಿದ್ದೆ. “ನಿಮಗೆ ಅನ್ನಕ್ಕಿಂತ ಅದರಲ್ಲಿರೋ ಕಲ್ಲೇ ರುಚಿ ಕಣ್ರೀ” ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು. ಹಂಗಿಸಲಿ. ಕಲ್ಲು ಸಿಕ್ಕಿದಾಗ ಹಲ್ಲು ಉಳಿದದ್ದು ನನ್ನದೇ ಅಲ್ಲವೇ ಎಂದುಕೊಳ್ಳುತ್ತಿದ್ದೆ.

ಮೇಷ್ಟ್ರ ಮನೆಗೂ ಪೋಸ್ಟಾಫೀಸಿಗೂ ಒಂದೇ ಗೋಡೆ. ಮದುವೆಯಾಗಿರಲಿಲ್ಲ, ಒಂಟಿ ಮನುಷ್ಯ. ಬೆಳಿಗ್ಗೆ ಎಂಟಕ್ಕೆ ಬೀದಿಯವರೆಲ್ಲ ಬಾಗಿಲು ತೆರೆಯುವ ಹೊತ್ತಿಗೆ ಇವರು ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಳ್ಳುತ್ತಿದ್ದರು. ಕಿಟಕಿಯ ಹಲಗೆಯಲ್ಲಿ ಕೊರೆದ ತೂತಿನಿಂದ ಒಂದು ಹಿತ್ತಾಳೆ ದುರ್ಬೀನಿನ ಮೂತಿ ಹೊರಗೆ ಬರುತ್ತಿತ್ತು. ಕಿಟಕಿ ಇದ್ದದ್ದು ಪೂರ್ವಕ್ಕೆ, ರೈಲು ಸ್ಟೇಷನ್ನು ಇದ್ದದ್ದೂ ಪೂರ್ವಕ್ಕೆ. ಯುದ್ಧ ಶುರುವಾಗಿ ಸಿಪಾಯಿಗಳ ಗಾಡಿಗಳು ಓಡಾಡತೊಡಗಿದ ಮೇಲೆ ನನಗೆ ಆ ಮೂತಿ ಕಂಡರೆ ಊಟ ಸೇರುತ್ತಿರಲಿಲ್ಲ. “ಒಳಗೆ ಬನ್ನಿ ಸಾರ್, ತೋರಿಸ್ತೀನಿ” ಎಂದು ಎರಡು ಸಲ ಕರೆದರು. ಒಳಗೆ ಹೋದರೆ ಯಾವುದಕ್ಕೋ ಸಾಕ್ಷಿಯಾಗಬೇಕಾದೀತೆಂದು ನಾನು ಹೋಗಲಿಲ್ಲ.

ಅವರು ಮಾಡುತ್ತಿದ್ದದ್ದು ಇಷ್ಟೇ ಎಂದು ಶಾಲೆಯ ಹುಡುಗರು ಹೇಳುತ್ತಿದ್ದರು: ಕತ್ತಲೆ ಕೋಣೆಯಲ್ಲಿ ಬಿಳಿ ಕಾಗದದ ಮೇಲೆ ಅಪ್ಪಳದಗಲ ಸೂರ್ಯ ಬೀಳುತ್ತಾನೆ, ಅವನ ಮೈಮೇಲೆ ಕಲೆಗಳಿದ್ದರೆ ಮೇಷ್ಟ್ರು ಸೀಸದಕಡ್ಡಿಯಲ್ಲಿ ತಿದ್ದುತ್ತಾರೆ. ದಿನಕ್ಕೊಂದು ವೃತ್ತ, ಹನ್ನೊಂದು ವರ್ಷದಿಂದ. ಮೋಡವಿದ್ದ ದಿನ ಖಾಲಿ ವೃತ್ತದೊಳಗೆ “ಮೋಡ” ಎಂದು ಬರೆಯುತ್ತಿದ್ದರು, ಜ್ವರ ಬಂದ ದಿನ “ಜ್ವರ” ಎಂದು. ಒಮ್ಮೆ “ಎಚ್ಚರವಾಗಲಿಲ್ಲ” ಎಂದೂ ಬರೆದಿದ್ದರಂತೆ. “ಪುಸ್ತಕದಲ್ಲಿ ಸುಳ್ಳು ಬರೀಬಾರ್ದು ಸಾರ್. ನಾಳೆ ಯಾರೋ ಇದನ್ನ ನಂಬ್ತಾರೆ” ಎಂದು ನನಗೇ ಒಂದು ದಿನ ಹೇಳಿದ್ದರು. ಹನ್ನೊಂದು ವರ್ಷ ಯಾರಾದರೂ ಚುಕ್ಕೆಗಾಗಿ ಕಳೆಯುತ್ತಾರೆಯೇ, ಇದರ ಹಿಂದೆ ಬೇರೇನೋ ಇದೆ ಎಂದು ನಾನು ತೀರ್ಮಾನಿಸಿದ್ದೆ.

ಆ ವರ್ಷ ಶಿವರಾತ್ರಿ ಕಳೆದು ವಾರವಾಗಿತ್ತು. ಸಿಂಗಪುರ ಜಪಾನಿಯರ ಕೈಗೆ ಬಿದ್ದ ಸುದ್ದಿ ಇನ್ನೂ ಬಿಸಿಬಿಸಿಯಾಗಿತ್ತು. ಮೇಷ್ಟ್ರು ಒಂದು ಕಾರ್ಡು ತಂದು ಕೊಟ್ಟರು. ತಮಿಳು ಸೀಮೆಯ ಬೆಟ್ಟದ ಮೇಲಿನ ಒಂದು ವೇಧಶಾಲೆಯಲ್ಲಿ ಕೆಲಸಕ್ಕಿದ್ದ ಮುಳಬಾಗಿಲಿನ ಗೆಳೆಯರಿಗೆ ಅವರು ವಾರಕ್ಕೊಂದು ಕಾರ್ಡು ಹಾಕುತ್ತಿದ್ದರು. ಅವರು ಬೆನ್ನು ತಿರುಗಿಸಿದ್ದೇ ತಡ, ಓದಿದೆ.

“ಪೂರ್ವದ ಅಂಚಿನಲ್ಲಿ ದೊಡ್ಡ ಗುಂಪು ಕಾಣಿಸಿಕೊಂಡಿದೆ. ಇಷ್ಟು ದೊಡ್ಡದನ್ನು ನಾನು ಇದುವರೆಗೆ ಕಂಡಿಲ್ಲ. ಇನ್ನೊಂದು ವಾರದಲ್ಲಿ ನಮಗೆ ನೇರ ಎದುರಾಗುತ್ತದೆ. ಆಗ ರೇಡಿಯೋ, ತಂತಿ ಕೆಡಬಹುದು. ನಾನು ಸಿದ್ಧನಾಗಿದ್ದೇನೆ.”

ಚುಕ್ಕೆ ಎಂದಿದ್ದರೆ ಮುದ್ರೆ ಒತ್ತುತ್ತಿದ್ದೆನೋ ಏನೋ. ಗುಂಪು! ಪೂರ್ವದಿಂದ! ಕಾರ್ಡನ್ನು ಜೇಬಿಗೆ ಹಾಕಿಕೊಂಡು ನೇರ ಅಮಲ್ದಾರರ ಕಚೇರಿಗೆ ನಡೆದೆ. ಕಾರ್ಡು ಮುಟ್ಟಿಸಿದವನೆಂದು ನನ್ನ ಹೆಸರು ಹೊರಗೆ ಬರಬಾರದು ಎಂದು ಬೇಡಿಕೊಂಡೆ. ಬರುವುದಿಲ್ಲ ಎಂದರು.

ಮಾರನೆಯ ಬೆಳಿಗ್ಗೆ ಪೊಲೀಸರು ಬಂದು ದುರ್ಬೀನು, ಪುಸ್ತಕಗಳನ್ನೆಲ್ಲ ಹೊತ್ತೊಯ್ದರು. ಮೇಷ್ಟ್ರು ಹುತ್ತೂರಿನ ರೇಷ್ಮೆ ಎಳೆಗೆ ಒಂದು ಅಯಸ್ಕಾಂತದ ಸೂಜಿ ಕಟ್ಟಿ ಗಾಜಿನ ಭರಣಿಯೊಳಗೆ ತೂಗುಬಿಟ್ಟಿದ್ದರು, ಸೂರ್ಯ ಕೆರಳಿದಾಗ ಅದು ಅಲುಗುತ್ತದಂತೆ. ಅದು ವೈರ್‌ಲೆಸ್ ಎಂದು ಅದನ್ನೂ ಒಯ್ದರು. ಠಾಣೆಯಲ್ಲಿ ಇನ್ಸ್‌ಪೆಕ್ಟರು ಕೇಳಿದ್ದನ್ನು ದಫೇದಾರ ಆಮೇಲೆ ನನಗೆ ಹೇಳಿದ.

“ಗುಂಪಲ್ಲಿ ಎಷ್ಟು ಜನ ಇದಾರೆ?”

“ಜನ ಅಲ್ಲ ಸ್ವಾಮಿ, ಚುಕ್ಕೆಗಳು. ನಿನ್ನೆಗೆ ನಲವತ್ತು ದಾಟಿತ್ತು.”

“ನಲವತ್ತು ಜನ” ಎಂದು ಇನ್ಸ್‌ಪೆಕ್ಟರು ಬರೆದುಕೊಂಡರಂತೆ. ಮೇಷ್ಟ್ರು ಬಿಡುಗಡೆ ಕೇಳಲಿಲ್ಲವಂತೆ. “ನನ್ನನ್ನ ಇಲ್ಲೇ ಇಟ್ಕೊಳಿ. ದಿನಾ ಬೆಳಿಗ್ಗೆ ಐದು ನಿಮಿಷ ದುರ್ಬೀನು ಕೊಡಿ ಸಾಕು. ಇದು ಎದುರಿಗೆ ಬರೋದನ್ನ ನಾನು ನೋಡ್ಲೇಬೇಕು. ಮತ್ತೆ ನನ್ನ ಆಯಸ್ಸಲ್ಲಿ ಬರುತ್ತೋ ಇಲ್ವೋ” ಎಂದು ದಿನಾ ಗೋಗರೆದರಂತೆ. ಬೇಹುಗಾರನಿಗೆ ದುರ್ಬೀನು ಯಾರು ಕೊಡುತ್ತಾರೆ?

ಕಾರ್ಡಿನಲ್ಲಿದ್ದ ವಾರ ತುಂಬುವ ಹೊತ್ತಿಗೆ ಒಂದು ಸಂಜೆ, ಐದು ಗಂಟೆ ದಾಟಿರಬೇಕು, ವಾಚನಾಲಯದಲ್ಲಿ ಯುದ್ಧದ ಸುದ್ದಿ ಕೇಳುತ್ತ ಕೂತಿದ್ದೆವು. ರೇಡಿಯೋ ಇದ್ದಕ್ಕಿದ್ದಂತೆ ಮೂಕವಾಯಿತು. ಬಿರಡೆ ತಿರುಗಿಸಿದರೆ ಡೆಲ್ಲಿ ಇಲ್ಲ, ಲಂಡನ್ ಇಲ್ಲ, ಗರಗರ ಸದ್ದೂ ಇಲ್ಲ. ಮರುದಿನ ನನ್ನ ತಂತಿಯಂತ್ರದಲ್ಲಿ ಅಕ್ಷರಗಳು ಕಲಸಿಕೊಂಡು ಬಂದವು. ಊರಿಗೆ ಊರೇ ಹೆದರಿತು. ನನಗೆ ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೆ ಹಿಗ್ಗು. ನನ್ನ ಅನುಮಾನ ನಿಜವಾಗಿತ್ತು.

ಒಂಬತ್ತನೆಯ ದಿನ, ಅಮಲ್ದಾರರು ವಿಚಾರಿಸಿ ಬರೆದಿದ್ದ ಪತ್ರಕ್ಕೆ ಬೆಟ್ಟದಿಂದ ತಂತಿಯಲ್ಲೇ ಉತ್ತರ ಬಂತು. ಇಳಿಸಿಕೊಂಡವನು ನಾನೇ. “ಗುಂಪು ಎಂದರೆ ಸೂರ್ಯನ ಕಲೆಗಳ ಗುಂಪು. ಈತ ನಂಬಿಕಸ್ಥ ವೀಕ್ಷಕ. ಇಲ್ಲಿ ಮೋಡವಿತ್ತು. ಈ ವಾರದ ಅವರ ಚಿತ್ರಗಳು ತುರ್ತಾಗಿ ಬೇಕು.” ಎರಡು ಸಲ ಓದಿದೆ. ಮೊದಲ ಸಲ ಅದರ ಮೇಲೂ ಅನುಮಾನಪಟ್ಟೆ. ಎರಡನೆಯ ಸಲ ಕುರ್ಚಿಯ ಮೇಲೆ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ಅಮಲ್ದಾರರು ಠಾಣೆಯ ಅಂಗಳದಲ್ಲೇ ದುರ್ಬೀನು ಹೂಡಿಸಿದರು. ಬಿಳಿ ರಟ್ಟಿನ ಮೇಲೆ ಸೂರ್ಯ ಬಿದ್ದ. ಒಂದು ಅಂಚಿನ ಹತ್ತಿರ, ಒದ್ದೆ ಕಾಗದಕ್ಕೆ ಶಾಯಿ ಚೆಲ್ಲಿದಂತೆ, ಗುಂಪಿತ್ತು. ಇನ್ಸ್‌ಪೆಕ್ಟರು ರಟ್ಟಿನ ಕೊಳೆಯಿರಬೇಕೆಂದು ಉಗುರಿನಿಂದ ಕೆರೆದು ನೋಡಿದರು. ಕಲೆ ಅವರ ಉಗುರಿನ ಮೇಲೇ ಬಿತ್ತು.

“ಪೂರ್ವದಿಂದ ಬಂದಿದ್ದು ಇದೇನಾ?” ಅಮಲ್ದಾರರು ಕೇಳಿದರು.

“ಇದೇ ಸ್ವಾಮಿ. ಎದುರಿಗೆ ಬಂದು, ರೇಡಿಯೋ ಕೆಡಿಸಿ, ಈಗ ಪಶ್ಚಿಮಕ್ಕೆ ಹೊರಟಿದೆ” ಎಂದರು ಮೇಷ್ಟ್ರು. “ಬಂದಿದ್ದು ಕಂಡೆ, ಹೋಗೋದು ಕಂಡೆ. ಎದುರಿಗೆ ನಿಂತಾಗ ಕಾಣ್ಲಿಲ್ಲ.”

ಅಂಥ ಅಳು ನಾನು ಯಾರ ಮುಖದಲ್ಲೂ ಕಂಡಿಲ್ಲ. ತೆರೆದ ಕಣ್ಣು ಒಣಗಿತ್ತು, ಅರ್ಧ ಮುಚ್ಚಿದ ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು.

ಆಮೇಲೆ ಆರು ವರ್ಷ ನಾವು ಒಂದೇ ಗೋಡೆಯ ಆಚೆ ಈಚೆ ಬದುಕಿದೆವು. ಮೇಷ್ಟ್ರು ಎಂದಿನಂತೆ ಕಾರ್ಡು ತರುತ್ತಿದ್ದರು. ಆದರೆ ಬರೆದ ಮಗ್ಗುಲನ್ನೇ ಮೇಲೆ ಮಾಡಿ ನನ್ನ ಮುಂದೆ ಇಡುತ್ತಿದ್ದರು. ಇವರಿಗೆ ಗೊತ್ತೋ, ಗೊತ್ತಿಲ್ಲವೋ? ನಗುತ್ತಿರುವುದು ಯಾಕೆ? ಆ ಕಣ್ಣು ಮುಚ್ಚಿರುವುದು ಸೂರ್ಯನಿಂದಲೋ, ನನ್ನಿಂದಲೋ? ನನ್ನ ಅನುಮಾನ ಈಗ ನನ್ನನ್ನೇ ತಿನ್ನತೊಡಗಿತ್ತು. ಒಂದು ದಿನ ತಡೆಯಲಾರದೆ “ಮೇಷ್ಟ್ರೇ, ಆವತ್ತಿನ ಕಾರ್ಡು...” ಎಂದು ಬಾಯಿ ತೆರೆದೆ. “ಪೋನೀಂಡಿ ಸಾರ್” ಎಂದರು. ಹೋಗಲಿ ಬಿಡಿ ಎನ್ನಬೇಕಾದಾಗಲೆಲ್ಲ ಅವರಿಗೆ ಬಾಯಿಗೆ ಬರುತ್ತಿದ್ದದ್ದು ಮುಳಬಾಗಿಲಿನ ತೆಲುಗೇ. ನಾನೂ ಬಿಟ್ಟೆ. ಬಿಡಬಾರದಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಅವರ ಅಕ್ಕ ಒಂದು ಗಂಟು ತಂದು ನನ್ನ ಮುಂದೆ ಇಟ್ಟರು.

“ಬೆಟ್ಟಕ್ಕೆ ಕಳಿಸ್ಬೇಕಂತೆ ನಾಯನಾ. ಪೋಸ್ಟ್ ಮಾಸ್ತರ ಕೈಲೇ ಕೊಡು, ಅವರು ಓದಿ ನೋಡಿ ಕಳಿಸ್ತಾರೆ ಅಂದ.”

ಓದಿ ನೋಡಿ! ಹಾಗಾದರೆ ಅವರಿಗೆ ಗೊತ್ತಿತ್ತು.

ಆ ವರ್ಷದ ಪುಸ್ತಕ ಹುಡುಕಿ ತೆಗೆದೆ. ಪೂರ್ವದ ಅಂಚಿನಲ್ಲಿ ಗುಂಪು ಬಂದ ದಿನದ ಚಿತ್ರವಿತ್ತು. ಮುಂದೆ ಒಂಬತ್ತು ಖಾಲಿ ವೃತ್ತಗಳು. ಠಾಣೆ ಎಂದು ಬರೆದಿರುತ್ತಾರೆ, ಜೊತೆಗೆ ನನ್ನ ಹೆಸರೂ ಇರುತ್ತದೆ ಎಂದುಕೊಂಡು ಒಂದೊಂದನ್ನೇ ಓದಿದೆ. ಒಂಬತ್ತರಲ್ಲೂ ಅವರ ಮುದ್ದಾದ ಅಕ್ಷರದಲ್ಲಿ ಒಂದೇ ಪದವಿತ್ತು: ಮೋಡ.

ಆ ಒಂಬತ್ತು ದಿನ ಮಾಲೂರಿನಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಇಟ್ಟಿಗೆ ಗೂಡಿನವರು ಹಸಿ ಇಟ್ಟಿಗೆಗಳನ್ನು ಬೀದಿಯಂಚಿನವರೆಗೂ ಒಣಹಾಕಿದ್ದರು. ಸುಳ್ಳು ಬರೆಯಬಾರದು ಎಂದ ಮನುಷ್ಯ ಬೇಕೆಂದೇ ಬರೆದ ಸುಳ್ಳುಗಳಿವು. ನನ್ನನ್ನು ಮುಚ್ಚುವುದಕ್ಕಾಗಿ ಬರೆದವು. ಪೋಸ್ಟಾಫೀಸಿನ ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ಪೆನ್ನು ತೆಗೆದುಕೊಂಡೆ. ಪ್ರತಿ “ಮೋಡ”ವನ್ನೂ ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಬರೆದೆ: “ಆಕಾಶ ಶುಭ್ರವಾಗಿತ್ತು. ವೀಕ್ಷಕರು ಠಾಣೆಯಲ್ಲಿದ್ದರು. ಕಾರಣ ನಾನು.” ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ, ರುಜು. ಒಂಬತ್ತು ಸಲ ಬರೆದೆ. ನಾಳೆ ಯಾರೋ ಅದನ್ನು ನಂಬುತ್ತಾರೆ.

ಗಂಟನ್ನು ಹೊಲಿದು, ಅರಗು ಹಾಕಿ, ಅದೇ ದಿನ ಮಧ್ಯಾಹ್ನದ ರೈಲಿಗೆ ಕೊಟ್ಟೆ.