ಮನೆ ನೋಡಿ ಬಂದ ಪಂಚ

ಮುಂಬಯಿಯಲ್ಲಿ ಆಗ ದಾರೂಬಂದಿ, ಅಂದರೆ ಪಾನನಿಷೇಧ. ಪೊಲೀಸರು ಯಾರ ಮನೆಯಲ್ಲಾದರೂ ಬಾಟ್ಲಿ ಹಿಡಿದರೆ, ಅದನ್ನು ಕಣ್ಣಾರೆ ಕಂಡೆವೆಂದು ಇಬ್ಬರು ಮರ್ಯಾದಸ್ಥರು ಪಂಚರಾಗಿ ಸಹಿ ಹಾಕಬೇಕಿತ್ತು. ಸಯನ್ನಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ನಾನು ಅಂಥ ಮರ್ಯಾದಸ್ಥ. ಮೆಟ್ರಿಕ್ ಪಾಸು, ಬಿಳಿ ಅಂಗಿ, ಹಣೆಗೆ ಗಂಧ. ಬೆಳಗಾವಿ ಕಡೆಯ ಹವಾಲ್ದಾರ ಚಹಾ ಕುಡಿಯುತ್ತ ಕಾಗದ ಮುಂದಿಡುತ್ತಿದ್ದ. ನಾನು ಗಲ್ಲಾದಿಂದ ಏಳದೆಯೇ ಎಲ್ಲವನ್ನೂ ಕಣ್ಣಾರೆ ಕಾಣುತ್ತಿದ್ದೆ. ನಮ್ಮ ಹೋಟೆಲು ಹೊತ್ತು ಮೀರಿ ತೆರೆದಿದ್ದರೆ ಅದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಂಡು ಮುಗಿಸುತ್ತಿದ್ದರು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ವಿಜಾಪುರ ಕಡೆಯವನೊಬ್ಬ ಮಾತ್ರ ಒಪ್ಪದೆ ವಕೀಲನನ್ನಿಟ್ಟ.

"ಮಾಸ್ತರ್, ಖೋಲಿ ಹ್ಯಾಂಗೈತಿ ಅಂತ ನಾಳೆ ವಕೀಲ ಕೇಳ್ತಾನ" ಎಂದ ಹವಾಲ್ದಾರ. "ಹೋಟೆಲ್ ಹಂಗ ಐತಿ ಅಂತೀರೇನು? ಹೋಗಿ ನೋಡ್ಕೊಂಡು ಬರ್ರಿ."

ವಡಾಲದ ಚಾಳಿನಲ್ಲಿದ್ದ ಅವನ ಒಂದೇ ಕೋಣೆಯ ಮನೆಗೆ ಹೋದೆ. ಗಂಡ ಕೆಲಸಕ್ಕೆ ಹೋಗಿದ್ದ. ನಾನೇ ಪಂಚ ಎಂದಾಗ ಅವನ ಹೆಂಡತಿ ಬೈಯುತ್ತಾಳೆಂದುಕೊಂಡೆ.

"ಒಳಗ ಬರ್ರಿ ಅಣ್ಣಾರ. ಅವತ್ತ ನೀವು ಬಂದಿದ್ದಿಲ್ಲ. ಈಗರ ಬಂದ್ರಲ್ಲ, ನೀವ ನೋಡ್ರಿ. ಇಷ್ಟ ಜಾಗಾದಾಗ ಬಾಟ್ಲಿ ಎಲ್ಲಿ ಮುಚ್ಚಿಡೂದ್ರಿ? ಅವರಿಗೆ ಜೇಲಾದ್ರ ಬಂದರದಾಗ ಮತ್ತ ಕೆಲಸ ಸಿಗೂದಿಲ್ಲರಿ."

ಅವಳೇ ಕೌದಿ ಎತ್ತಿ ತೋರಿಸಿದಳು, ಟ್ರಂಕು ತೆರೆದಳು, ಜೋಳದ ಡಬ್ಬಿ ಸರಿಸಿದಳು. ನಾನು ಶ್ರದ್ಧೆಯಿಂದ ನೋಡಿದೆ. ಅವಳು ಬೆಲ್ಲ ನೀರು ಕೊಟ್ಟಳು, ಕುಡಿದೆ.

ಮರುದಿನ ಕೋರ್ಟಿನಲ್ಲಿ ವಕೀಲ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟೆ. ಕಿಟಕಿ ನಲ್ಲಿಯ ಕಡೆಗೆ. ಟ್ರಂಕಿನ ಚಿಲಕ ಮುರಿದಿದೆ. ಬಾಟ್ಲಿ ಇದ್ದದ್ದು ಜೋಳದ ಡಬ್ಬಿಯ ಹಿಂದೆ. ವಕೀಲ ಬೆವರು ಒರೆಸಿಕೊಂಡು ಕೂತ. ಇಷ್ಟು ಸೂಕ್ಷ್ಮವಾಗಿ ಗಮನಿಸುವ ಸಾಕ್ಷಿ ಅಪರೂಪ ಎಂದರು ಮ್ಯಾಜಿಸ್ಟ್ರೇಟರು. ನನಗೆ ನಿಜಕ್ಕೂ ಹೆಮ್ಮೆಯಾಯಿತು. ಅವನಿಗೆ ಜೈಲಾಯಿತು.

ಹೊರಗೆ ವರಾಂಡದಲ್ಲಿ ಅವಳು ನಿಂತಿದ್ದಳು.

"ಎಷ್ಟ ಚಂದ ನೆನಪಿಟ್ಟೀರಿ ಅಣ್ಣಾರ! ನಿನ್ನೆ ನೋಡಿದ್ದು ಅಂತ ಒಂದ ಮಾತು ಅಂದಿದ್ರ ಸಾಕಿತ್ತಲ್ರಿ."

"ಕೇಳಿದ್ದಕ್ಕೆ ಹೇಳಿದೆ ತಂಗಿ" ಎಂದೆ. "ನಿನ್ನೆಯದನ್ನು ಯಾರೂ ಕೇಳಲಿಲ್ಲ."

ಅಂದು ನಾನಾಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ. ಅದನ್ನೂ ಪ್ರಮಾಣ ಮಾಡಿದವನ ಗತ್ತಿನಲ್ಲೇ ಹೇಳಿ, ಮಧ್ಯಾಹ್ನದ ಊಟದ ಗಿರಾಕಿಗಳು ಬರುವ ಮೊದಲೇ ಗಲ್ಲಾ ಸೇರಿಕೊಂಡೆ.