ವಾಚಿನ ನಿದ್ದೆ, ಫೋನಿನ ನಿದ್ದೆ

ನಮ್ಮ ಮನೆಯವರಿಗೆ ನಿದ್ದೆ ಸಾಲುತ್ತಿಲ್ಲವೆಂದು ಶಾಲೆಯವರು ಅವರಿಂದ ಬಸ್ಸಿನ ಕೀಲಿ ಇಸಿದುಕೊಂಡರು. ಅವರೋ, ಕೈಗೆ ಕಟ್ಟಿದ ವಾಚನ್ನು ಕಂಡಕಂಡವರ ಮುಖಕ್ಕೆ ಹಿಡಿದು, ರಾತ್ರಿಯೆಲ್ಲ ಮಲಗಿದ್ದೇನೆ ನೋಡ್ರಿ ಎನ್ನುತ್ತಿದ್ದರು.

ಗಜೇಂದ್ರಗಡದ ಆ ಶಾಲೆ ತನ್ನ ಡ್ರೈವರ್‌ಗಳಿಗೆಲ್ಲ ಒಂದೊಂದು ವಾಚು ಕೊಟ್ಟಿತ್ತು. ಬೇರೆಲ್ಲೋ ಡ್ರೈವರ್ ತೂಕಡಿಸಿ ಬಸ್ಸು ತಗ್ಗಿಗೆ ಇಳಿದಿತ್ತಂತೆ; ಅದನ್ನು ಕೇಳಿ ಪಾಲಕರು ಹಟ ಹಿಡಿದಿದ್ದರು. ರಾತ್ರಿ ವಾಚು ಕಟ್ಟಿಕೊಂಡೇ ಮಲಗಬೇಕು. ಅದು ನಿದ್ದೆ ಅಳೆದು ಫೋನಿಗೆ ಕಳಿಸುತ್ತದೆ, ಫೋನು ಶಾಲೆಯ ಆಪ್‌ಗೆ ಕಳಿಸುತ್ತದೆ. ಹೆಡ್ ಸರ್ ಅದನ್ನು ನೋಡಿ ಕೀಲಿ ಕೊಡುತ್ತಾರೆ. ಗಂಡ ಉಂಡನೋ ಇಲ್ಲವೋ ಎಂದು ಕೇಳುವವರು ಊರಲ್ಲಿ ಬೇಕಾದಷ್ಟು ಜನ. ಮಲಗಿದನೋ ಇಲ್ಲವೋ ಎಂದು ಕೇಳುವ ಕಾಲವೂ ಬಂತಲ್ಲ ಎಂದು ನಾನು ನಕ್ಕಿದ್ದೆ.

ಆ ನಗು ಬಹಳ ದಿನ ಉಳಿಯಲಿಲ್ಲ. ವಾಚಿನಲ್ಲಿ ಹಸಿರು ಗುರುತು, ಪೂರಾ ನಿದ್ದೆ. ಶಾಲೆಯ ಆಪ್‌ನಲ್ಲಿ ಕೆಂಪು ಗುರುತು, ಹರಿದು ಚೂರಾದ ನಿದ್ದೆ. ಮನುಷ್ಯ ಒಬ್ಬನೇ, ರಾತ್ರಿಯೂ ಒಂದೇ. ಯಾವುದನ್ನು ನಂಬುವುದು? ಶಾಲೆಯವರು ತಮ್ಮದನ್ನೇ ನಂಬಿದರು.

ಆ ಕೀಲಿ ಹೋದರೆ ನಮಗೆ ಮತ್ತೆ ಗೋವಾವೇ ಗತಿ. ಮೊದಲು ಅಲ್ಲಿಯೇ ಇದ್ದೆವು. ಅವರು ಟಿಪ್ಪರ್ ಓಡಿಸುತ್ತಿದ್ದರು, ನಾನು ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುತ್ತಿದ್ದೆ. ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಮಗಳು ಶಾಲೆಯ ಮುಖ ಕಂಡದ್ದು ನಮ್ಮೂರು ಪುರ್ತಗೇರಿಗೆ ವಾಪಸು ಬಂದ ಮೇಲೆ. ಈಗ ಅವಳು ಅದೇ ಶಾಲೆಗೆ, ಅದೇ ಬಸ್ಸಿನಲ್ಲಿ, ಅಪ್ಪನ ಹಿಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದಳು. ಅವಳನ್ನು ಮತ್ತೆ ಆ ಶೆಡ್ಡಿಗೆ ಕರೆದೊಯ್ಯಬೇಕಾದೀತೆಂದು ಹೆದರುತ್ತಿದ್ದೆ.

ಆದರೆ ನನಗೆ ಇನ್ನೊಂದು ಹೆದರಿಕೆ ಇತ್ತು, ಅದು ಗೋವಾಕ್ಕಿಂತ ದೊಡ್ಡದು. ನಮ್ಮ ಮನೆಯವರು ತಲೆದಿಂಬಿಗೆ ತಲೆ ಕೊಟ್ಟರೆ ಗೊರಕೆ ಶುರು. ಗೊರಕೆ ಏರಿ ಏರಿ ಒಮ್ಮೆಲೇ ನಿಂತುಬಿಡುತ್ತದೆ. ಎದೆಯೂ ಅಲ್ಲಾಡುವುದಿಲ್ಲ. ನಾನು ಫೋನಿನ ಬೆಳಕು ಹಚ್ಚಿ ಮುಖ ನೋಡುತ್ತೇನೆ, ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಭುಜ ಹಿಡಿದು ಅಲ್ಲಾಡಿಸುತ್ತೇನೆ. ಆಗ ನೀರಿನಲ್ಲಿ ಮುಳುಗಿದವರ ಹಾಗೆ ಗಕ್ಕನೆ ಉಸಿರೆಳೆದು ಮಗ್ಗುಲಾಗುತ್ತಾರೆ. ಬೆಳಗಾದರೆ ಅವರಿಗೆ ಒಂದೂ ನೆನಪಿರುವುದಿಲ್ಲ.

ಹೇಳದೆ ಬಿಟ್ಟಿದ್ದೇನೆಯೇ? "ರೀ, ಒಮ್ಮೆ ದವಾಖಾನಿಗೆ ತೋರಸ್ರಿ" ಎಂದು ಬಾಯಿ ನೋಯುವಷ್ಟು ಹೇಳಿದೆ. ಅವರು ವಾಚು ಮುಂದೆ ಹಿಡಿದರು. "ಇದನ್ನ ನೋಡು. ಹಸರ ಐತಿ. ನಿನಗ ಹುಚ್ಚ ಹಿಡದೈತಿ."

ಹಗಲು ರೊಟ್ಟಿ ಮುರಿದುಕೊಂಡವರು ಬಾಯಿಗೆ ಇಡುವ ಮೊದಲೇ ತೂಕಡಿಸುತ್ತಿದ್ದರು. ಇವರು ರಾತ್ರಿಯೆಲ್ಲ ಮಲಗಿರುತ್ತಾರೆ, ನಿದ್ದೆ ಮಾತ್ರ ಮಾಡಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ನಾನು ವಾಚಲ್ಲವಲ್ಲ. ಒಂದು ಸಂಜೆ ಮಗಳು ಚೀಲ ಇಳಿಸುತ್ತ, "ಯವ್ವಾ, ಇವತ್ತ ಅಪ್ಪ ಹಂಪ್ ಬಂದ ಮ್ಯಾಲೆ ಎಚ್ಚರಾದ" ಎಂದಳು. ಅವಳಿಗೆ ಅದೊಂದು ತಮಾಷೆ. ನಾನು ಹಿಟ್ಟು ನಾದುವುದನ್ನು ಬಿಟ್ಟು ಅಲ್ಲಿಯೇ ಕುಳಿತುಬಿಟ್ಟೆ.

ಅದಾದ ಮೇಲೆ ಸ್ವಲ್ಪ ದಿನಕ್ಕೇ, ಮೊದಲು ಹೇಳಿದ ಹಾಗೆ, ಕೀಲಿ ಹೋಯಿತು. ಅವರು ಫೋನಿನ ಮೇಲೆ ಉರಿದುಬಿದ್ದು, ನನ್ನನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಗೆ ಹೋದರು. ನಮ್ಮ ಇಬ್ಬರ ಫೋನುಗಳನ್ನೂ ಮಾರಿದವನು ಆ ಅಂಗಡಿಯವನೇ, ಇವರ ಗೆಳೆಯ. ಎರಡನ್ನೂ ತಿರುವಿ ನೋಡಿ ನಕ್ಕ.

"ವೈನಿ, ನಿಮಗ ಬ್ಯಾರೆ ಮೇಲ್ ಐಡಿ ಇರಲಿಲ್ಲಲ್ಲ, ಇವನದ ನಿಮ್ಮ ಫೋನಿಗೂ ಹಾಕಿದ್ದೆ. ಸಾಲಿ ಆಪ್ ವಾಚಿನ ಜೋಡಿ ಫೋನ್ ಹಚ್ಚಿದ್ದನ್ನೂ ಲೆಕ್ಕ ಹಿಡೀತದ. ಅದು ಎರಡೂ ಫೋನ್ ಒಬ್ಬಾಂವನವ ಅಂತ ತಿಳಕೊಂಡದ. ನೀವು ರಾತ್ರಿ ಫೋನ್ ಹಚ್ಚಿದಾಗೆಲ್ಲ ಇಂವಾ ಎದ್ದಾನ ಅಂತ ಸಾಲಿ ಆಪ್‌ಗೆ ಹೋಗೇತಿ."

ನಮ್ಮ ಕಡೆ ಮನೆಗೆಲ್ಲ ಒಂದೇ ಐಡಿ ಇರುವುದು ಹೊಸದೇನಲ್ಲ. ರೇಶನ್ ಕಾರ್ಡು ಒಂದು, ಸಿಲಿಂಡರ್ ಒಂದು, ಅದೂ ಒಂದು. ಹೀಗೆ ಶಾಲೆಯವರು ಇಷ್ಟು ದಿನ ನೋಡಿದ್ದು ನನ್ನ ಎಚ್ಚರವನ್ನು. ಇವರ ಮುಖ ನೋಡಲು ನಾನು ಹಚ್ಚಿದ ಬೆಳಕೇ ಇವರ ಕೆಲಸ ಕಳೆದಿತ್ತು.

ನಮ್ಮ ಮನೆಯವರಿಗೆ ಹೋದ ಜೀವ ಬಂತು. "ನಡಿ, ಈಗಿಂದೀಗ ಹೆಡ್ ಸರ್ ಮುಂದ ಹೇಳೋಣ" ಎಂದು ನನ್ನ ಕೈ ಹಿಡಿದು ಹೊರಟರು. ನಡುಬೀದಿಯಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನನಗೆ ಅಳು ಬಂತು. ನಾನು ಹೇಳಿದರೆ ಕೀಲಿ ಸಿಗುತ್ತದೆ. ಕೀಲಿ ಸಿಕ್ಕರೆ ನಾಳೆ ಆ ಬಸ್ಸಿನಲ್ಲಿ ಊರ ಮಕ್ಕಳೆಲ್ಲ ಕೂಡುತ್ತಾರೆ, ನನ್ನ ಮಗಳೂ ಕೂಡುತ್ತಾಳೆ. ದೇವರೇ, ಹೆಡ್ ಸರ್ ಇವತ್ತು ರಜೆ ಇರಲಿ ಎಂದು ಬೇಡಿಕೊಂಡೆ. ಅವರು ಇದ್ದರು.

ಹೇಳಿದೆ. ಎದ್ದವಳು ನಾನು, ಇವರಲ್ಲ ಎಂದೆ. ಹೆಡ್ ಸರ್ ಒಳ್ಳೆಯ ಮನುಷ್ಯ, ಅವರೂ ಹಗುರಾದರು. "ಹಂಗಾರ ಇವರದೇನೂ ತಪ್ಪಿಲ್ಲ ಬಿಡು. ನಾಳೆ ಬಂದು ಕೀಲಿ ತಗೊಳ್ಳಿ" ಎಂದರು. ನಮ್ಮ ಮನೆಯವರು ಕೈ ಮುಗಿದರು. ನಾವು ಏಳುವಾಗ ಹೆಡ್ ಸರ್ ಮಾತಿಗೆಂದು ಕೇಳಿದರು, "ಅಲ್ಲ ತಂಗಿ, ನೀ ಯಾಕ ಇಷ್ಟ ಸಲ ಏಳ್ತಿ? ಮೈಯಾಗ ಅರಾಮ ಇಲ್ಲೇನು?"

ಸೊಳ್ಳೆ ಎನ್ನಬಹುದಿತ್ತು, ಸೆಕೆ ಎನ್ನಬಹುದಿತ್ತು. ಯಾರು ನೋಡುತ್ತಿದ್ದರು? ನಮ್ಮ ಮನೆಯವರು ಇನ್ನೂ ನಗುತ್ತಲೇ ನನ್ನ ಕಡೆ ತಿರುಗಿದರು.

"ಇವರು ಮಲಗಿದಾಗ ಉಸರ ನಿಲ್ತದ್ರಿ, ಸರ್" ಎಂದೆ. "ಅದಕ್ಕ ನಾ ಎದ್ದ ನೋಡ್ತೀನ್ರಿ. ಹಗಲಿ ತೂಕಡಸ್ತಾರ. ದವಾಖಾನಿಗೆ ತೋರಿಸೋತನಕ ಇವರಿಗೆ ಬಸ್ ಕೊಡಬ್ಯಾಡ್ರಿ."

ಹೊರಗೆ ಬಂದು ಅವರು ಒಂದೇ ಮಾತು ಆಡಿದರು. "ಮಂದಿ ಮುಂದ ನನ್ನ ಮಾನ ತಗದಿ." ಆಮೇಲೆ ನನ್ನನ್ನು ಬಿಟ್ಟು ಮುಂದೆ ನಡೆದರು.

ಬಸ್ಸು ಈಗ ಬೇರೆಯವರು ಓಡಿಸುತ್ತಾರೆ. ಗದಗಿನ ದವಾಖಾನೆಯಲ್ಲಿ ಒಂದು ರಾತ್ರಿ ಮೈಗೆ ವೈರು ಹಚ್ಚಿ ಮಲಗಿಸಿ ನೋಡುತ್ತಾರಂತೆ, ಹೆಡ್ ಸರ್ ತಾವೇ ಕೇಳಿಕೊಂಡು ಬಂದು ಹೇಳಿದ್ದಾರೆ. ಇವರು ಹೋಗುವುದಿಲ್ಲ. "ನಿದ್ದಿ ಮಾಡಾಕ ಗದಗಿಗೆ ಹೋಗ್ಬೇಕೇನು?" ಎನ್ನುತ್ತಾರೆ. ಗೋವಾದ ಹಳೆಯ ಮಾಲೀಕನಿಗೆ ಫೋನು ಮಾಡಿದ್ದಾರೆ, ಟಿಪ್ಪರ್ ಇದೆಯಂತೆ. ಆ ಘಾಟಿನ ರಸ್ತೆಯಲ್ಲಿ ಇವರ ಭುಜ ಹಿಡಿದು ಅಲ್ಲಾಡಿಸುವವರು ಯಾರು? ಕಾಲು ಹಿಡಿದೆ, ಮಗಳ ಮೇಲೆ ಆಣೆ ಇಟ್ಟೆ, ಜಗಳ ತೆಗೆದೆ. ನನಗೆ ತಿಳಿದ ದಾರಿಯೆಲ್ಲ ಮುಗಿದಿದೆ.

ನಾನು ಎಬ್ಬಿಸಬಾರದೆಂದು ಈಗ ಅವರು ಒಳಗಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಾರೆ. ನಾನು ಬಾಗಿಲಿಗೆ ಕಿವಿ ಹಚ್ಚಿ ಈಚೆ ಕೂಡುತ್ತೇನೆ. ಗೊರಕೆ ನಿಂತ ಕೂಡಲೇ ಎರಡೂ ಕೈಯಿಂದ ಬಾಗಿಲು ಬಡಿಯುತ್ತೇನೆ. "ಸತ್ತಿಲ್ಲ, ಸುಮ್ನ ಬೀಳ!" ಎಂದು ಒಳಗಿನಿಂದ ಬೈಯುತ್ತಾರೆ. ಆ ಬೈಗುಳ ಕಿವಿಗೆ ಬೀಳುವವರೆಗೆ ನಾನು ಬಡಿಯುವುದನ್ನು ನಿಲ್ಲಿಸುವುದಿಲ್ಲ.